ರ‍್ಯಾಂಕ್ ಸ್ಕೂಲಲ್ಲಿ ಬೇಸಾಯ ಕಂಪಲ್ಸರಿ ಕಣ್ರೀ
ಸಿಡ್ನಿಲಿ ನಮ್ಮೋರು ನಾಲ್ಕು ಜನ ಸೇರಿದ್ರೆ, ಹಬ್ಬ ಆಗ್ಲಿ ಬರ್ತ್‌ಡೇ ಆಗ್ಲಿ, ಮಗು ನಾಲ್ಕನೇ ಕ್ಲಾಸಿಗೆ ಬಂತು ಅಂದ್ರೆ ಸಾಕು, "ಸೆಲೆಕ್ಟಿವ್‌ಗೆ ಕೋಚಿಂಗ್ ಹಾಕಿದ್ರಾ?" ಅಂತ ಶುರು. ಸೆಲೆಕ್ಟಿವ್ ಅಂದ್ರೆ ಎಂಟ್ರೆನ್ಸ್ ಬರೆದು ಸೇರೋ ಸರ್ಕಾರಿ ಹೈಸ್ಕೂಲ್. ಅದ್ರಲ್ಲೂ ಜೇಮ್ಸ್ ರೂಸ್ ಅಂದ್ಬಿಟ್ರೆ ಮುಗೀತು. ಪೂರ್ತಿ ಹೆಸರು ಜೇಮ್ಸ್ ರೂಸ್ ಅಗ್ರಿಕಲ್ಚರಲ್ ಹೈಸ್ಕೂಲ್, ಆದ್ರೆ ನಡುವಿನ ಆ ಅಗ್ರಿಕಲ್ಚರಲ್ ಅನ್ನೋದನ್ನ ಮಾತ್ರ ಯಾರೂ ಬಾಯಿ ಬಿಟ್ಟು ಹೇಳಲ್ಲ.

ಹೋದ ವರ್ಷ ಮಗಳನ್ನ ಕರ್ಕೊಂಡು ಸ್ಕೂಲ್ ನೋಡೋಕೆ ಹೋದ್ವಿ, ಮಂಡ್ಯದಿಂದ ಬಂದಿದ್ದ ಅಪ್ಪನೂ ಜೊತೆಗಿದ್ರು. ಸ್ಕೂಲಿರೋ ಕಾರ್ಲಿಂಗ್‌ಫರ್ಡ್ ಈಗ ಪೂರ್ತಿ ಮನೆ, ಅಪಾರ್ಟ್‌ಮೆಂಟು, ಹಿಂದೆ ಹಣ್ಣಿನ ತೋಟಗಳಿದ್ದ ಜಾಗ ಅದು. 1959ರಲ್ಲಿ ಸ್ಕೂಲ್ ಶುರು ಆದಾಗ ಹುಡುಗರಿಗೆ ಮಾತ್ರ ಇತ್ತು, ಹುಡುಗೀರು ಬಂದಿದ್ದು 1977ರಲ್ಲಿ. ಸರ್ಕಾರಿ ಸ್ಕೂಲೇ, ಆರನೇ ಕ್ಲಾಸಲ್ಲಿ ಬರೆಯೋ ಎಂಟ್ರೆನ್ಸ್ ಪಾಸಾಗ್ಬೇಕು ಅಷ್ಟೇ (ಆ "ಅಷ್ಟೇ"ಗೆ ನಾವು ಕೋಚಿಂಗ್‌ನವರಿಗೆ ಕಟ್ಟೋ ದುಡ್ಡು ಬೇರೆ ಕಥೆ). 1996ರಿಂದ 27 ವರ್ಷ ಹನ್ನೆರಡನೇ ಕ್ಲಾಸಿನ ಫೈನಲ್ ಪರೀಕ್ಷೆ ಎಚ್‌ಎಸ್‌ಸಿ ರ‍್ಯಾಂಕಿಂಗ್‌ನಲ್ಲಿ ಇದೇ ಫಸ್ಟ್ ಇತ್ತು, 2023ರಲ್ಲಿ ನಾರ್ತ್ ಸಿಡ್ನಿ ಬಾಯ್ಸ್ ಅನ್ನೋ ಇನ್ನೊಂದು ಸ್ಕೂಲ್ ಮುಂದೆ ಬಂದಾಗ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಎಲೆಕ್ಷನ್ ರಿಸಲ್ಟ್ ತರ ಚರ್ಚೆ ಆಯ್ತು.

ಅಪ್ಪಂಗೆ ರ‍್ಯಾಂಕ್ ಗೀಂಕ್ ಏನೂ ಬೇಕಿರ್ಲಿಲ್ಲ. ಕುರಿ, ಕೋಳಿ, ತರಕಾರಿ ಮಡಿ ಕಂಡಿದ್ದೇ ಅಲ್ಲೇ ನಿಂತ್ಬಿಟ್ರು. ಏಳರಿಂದ ಹತ್ತನೇ ಕ್ಲಾಸ್ ತನಕ ಅಗ್ರಿಕಲ್ಚರ್ ಕಂಪಲ್ಸರಿ, ಡಾಕ್ಟರ್ ಆಗೋನಾದ್ರೂ ಸರಿ ಮಣ್ಣು ಮುಟ್ಲೇಬೇಕು ಅಂತ ಹೇಳಿದ್ದಕ್ಕೆ, "ಅಲ್ಲ ಕಣ್ಲಾ, ಸಗಣಿ ಬಾಚೋದು ಬ್ಯಾಡ ಅಂತ ನಿನ್ನ ಓದಿಸ್ದೆ, ನೀನು ದುಡ್ಡು ಕೊಟ್ಟು ಮೊಮ್ಮಗಳನ್ನ ಸಗಣಿ ಬಾಚೋಕೆ ಸೇರಿಸ್ತೀಯಾ?" ಅಂದ್ರು. ನಗ್ತಾನೇ ಅಂದ್ರು, ಆದ್ರೂ ನಂಗೆ ಚುರುಕ್ ಅಂತು.

ಆ ಜೇಮ್ಸ್ ರೂಸ್ ಯಾರು ಅಂತ ಕಾರಲ್ಲಿ ಬರ್ತಾ ಹೇಳ್ದೆ. ಇಂಗ್ಲೆಂಡಲ್ಲಿ ಕನ್ನ ಹಾಕಿ ಸಿಕ್ಕಿಬಿದ್ದು 1788ರಲ್ಲಿ ಮೊದಲ ಹಡಗುಗಳ ಜೊತೆ ಇಲ್ಲಿಗೆ ಬಂದ ಕೈದಿ. ಕಾಲೋನಿಲಿ ತಿನ್ನೋಕಿಲ್ದೆ ಒದ್ದಾಡ್ತಿದ್ದಾಗ ಗವರ್ನರ್ ಫಿಲಿಪ್ ಅವನಿಗೆ ಪರಮಟ್ಟಾ ಹತ್ರ ಒಂದಿಷ್ಟು ಜಮೀನು ಕೊಟ್ಟು, ಒಬ್ಬ ಮನುಷ್ಯ ತನ್ನ ಸಂಸಾರಕ್ಕೆ ಬೇಕಾದ್ದನ್ನ ಬೆಳೆದ್ಕೋತಾನಾ ನೋಡೋಣ ಅಂದ, 1791ರ ಹೊತ್ತಿಗೆ ಇವನು ಇನ್ಮೇಲೆ ಸರ್ಕಾರದ ರೇಷನ್ ಬೇಡ ಅಂದ. ಆ ನೆಲ ಅದಕ್ಕಿಂತ ಮುಂಚೆ ಇಲ್ಲಿನ ಮೂಲನಿವಾಸಿ ದಾರುಗ್ ಜನರದ್ದು, ಅವರನ್ನ ಕೇಳಿ ಯಾರೂ ಕೊಟ್ಟಿದ್ದಲ್ಲ ಅನ್ನೋದನ್ನೂ ಹೇಳ್ದೆ. "ನಮ್ ಕಡೆ ದರಖಾಸ್ತು ಜಮೀನು ಇದ್ದಂಗೆ ಅನ್ನು" ಅಂದ್ರು ಅಪ್ಪ.

ಮಜಾ ಏನಪ್ಪಾ ಅಂದ್ರೆ ರೂಸ್‌ಗೆ ಕೊಟ್ಟ ಆ ಜಮೀನು, ಅಂದ್ರೆ ಎಕ್ಸ್‌ಪೆರಿಮೆಂಟ್ ಫಾರ್ಮ್ ಇದ್ದಿದ್ದು ಹ್ಯಾರಿಸ್ ಪಾರ್ಕಲ್ಲಿ, ಈಗ ಎಲ್ರೂ ಲಿಟಲ್ ಇಂಡಿಯಾ ಅನ್ನೋ ಜಾಗ. ರೂಸ್ ಬೆಳೆ ಬೆಳೆದ ಕಡೆ ನಾವು ದೋಸೆ ತಿನ್ನೋಕೆ ಕ್ಯೂ ನಿಲ್ತೀವಿ, ಅವತ್ತೂ ನಿಂತ್ವಿ.

ಮಗಳು ಪ್ರಿಫರೆನ್ಸ್ ಲಿಸ್ಟಲ್ಲಿ ಇದನ್ನೇ ಮೊದಲು ಹಾಕು ಅಂದ್ಲು, ಕೋಳಿ ಇದಾವೆ ಅಂತ. ಅವಳಮ್ಮನೂ ಅದನ್ನೇ ಅಂದ್ಲು, ಮೆಡಿಸಿನ್ ಸಿಗತ್ತೆ ಅಂತ. ಹಾಕಿದ್ದಾಯ್ತು.