ಇದ್ದೂ ಸಿಗದ ಆಪ್

2025 ಜುಲೈ 12, ಶನಿವಾರ
ಪೆರ್ಲದ ಹತ್ತಿರ, ಕಾಸರಗೋಡು

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಮದ್ದು ಬಿಡುವುದು ಬಾಕಿ ಉಂಟು. ಮೈಲುತುತ್ತು, ಸುಣ್ಣ ಎರಡೂ ಜಗಲಿಯ ಮೂಲೆಯಲ್ಲಿ ಕೂತಿವೆ. ಅಪ್ಪ ಗಂಟೆಗೊಮ್ಮೆ ಅಂಗಳದ ಬದಿಗೆ ಬಂದು ಆಕಾಶ ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಾರೆ. ಕೊಳೆರೋಗ ಶುರುವಾದರೆ ಯಾರಿಗೆ ಬೈಯುವುದು ಅಂತ ಯೋಚಿಸುತ್ತಿರಬೇಕು.

ಹತ್ತು ಗಂಟೆಗೆ ಮುಳ್ಳೇರಿಯದಿಂದ ಭಾವನ ಫೋನು.

“ನಿನ್ನ ಆಪ್ ಪ್ಲೇ ಸ್ಟೋರಿನಲ್ಲಿ ಉಂಟು ಅಂತ ಹೇಳಿದ್ದೆಯಲ್ಲ, ಎಲ್ಲುಂಟು ಮಾರಾಯಾ? ನನಗೆ ಬಡ್ಡಿ ಲೆಕ್ಕದ್ದು ಸಿಕ್ಕಿತು, ಹಾಲಿನ ಲೆಕ್ಕದ್ದು ಸಿಕ್ಕಿತು. ನಿನ್ನದು ಮಾತ್ರ ಇಲ್ಲ.”

ಉಂಟು ಭಾವ, ಸರಿ ಹುಡುಕಿ ಅಂದೆ. ನಾಲ್ಕು ತಿಂಗಳಿಂದ ಎಲ್ಲರಿಗೂ ಇದೇ ಮಾತು ಹೇಳುತ್ತಿದ್ದೇನೆ. ಈ ಸಲ ಯಾಕೋ ನನಗೇ ನಾಚಿಕೆಯಾಯಿತು. ಏನು ಬರೆದು ಹುಡುಕಿದ್ದು ಅಂತ ಕೇಳಿದೆ. ಇಂಗ್ಲಿಷ್ ಅಕ್ಷರದಲ್ಲಿ ಎ, ಡಿ, ಎ, ಕೆ, ಇ ಅಂತೆ. ನಾನು ಬರೆಯುವುದಾದರೆ ಮೂರನೆಯದು ಐ. ಅತ್ತೆ ಆದರೆ ಇನ್ನೊಂದು ಕೆ ಸೇರಿಸುತ್ತಾರೆ. ಪಕ್ಕದ ಮನೆಯವರು ಮಲಯಾಳದಲ್ಲಿ ಅಡಕ್ಕ ಅನ್ನುತ್ತಾರೆ. ನಮ್ಮ ಊರಿನ ಒಂದೇ ಕಾಯಿಗೆ ಎಷ್ಟು ಸ್ಪೆಲ್ಲಿಂಗು!

ಆಪ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ‘ಅಡಿಕೆ ಲೆಕ್ಕ’. ಕೆಲಸದವರ ಸಂಬಳ, ಅಡ್ವಾನ್ಸ್, ಮದ್ದು ಬಿಟ್ಟ ದಿನ, ಮಾರಿದ ಅಡಿಕೆ, ಇಷ್ಟನ್ನು ಬರೆದಿಡಬಹುದು. ಎಷ್ಟು ಲೀಟರ್ ಮದ್ದು ಬೇಕು ಅಂತ ಕೊಟ್ಟರೆ ಮೈಲುತುತ್ತು, ಸುಣ್ಣದ ಲೆಕ್ಕವನ್ನೂ ಹೇಳುತ್ತದೆ. ನೂರು ಲೀಟರಿಗೆ ಒಂದೊಂದು ಕಿಲೋ ಅಂತ ಅಪ್ಪನಿಗೆ ಬಾಯಿಪಾಠ, ಅವರಿಗೆ ಆಪ್ ಬೇಡ. ಗೋಡೆಯ ಕ್ಯಾಲೆಂಡರೇ ಸಾಕು.

ಮಧ್ಯಾಹ್ನ ಪ್ಲೇ ಕನ್ಸೋಲ್, ಅಂದರೆ ಆಪ್ ಮಾಡಿದವರು ಅದನ್ನು ಸ್ಟೋರಿಗೆ ಹಾಕುವ ಪುಟ, ತೆರೆದು ಕೂತೆ. ಕರೆಂಟ್ ಎರಡು ಸಲ ಹೋಯಿತು, ಫೋನಿನ ನೆಟ್ಟಿನಲ್ಲೇ ಕೆಲಸ.

ತಪ್ಪು ನನ್ನದೇ. ಮಾರ್ಚಿನಲ್ಲಿ ಆಪ್ ಹಾಕುವಾಗ ಕನ್ನಡದ ಲಿಸ್ಟಿಂಗಿಗೆ, ಅಂದರೆ ಸ್ಟೋರಿನಲ್ಲಿ ಆಪಿನ ಹೆಸರು, ವಿವರಣೆ, ಚಿತ್ರ ಕಾಣುವ ಪುಟಕ್ಕೆ, ನಾಲ್ಕು ರಾತ್ರಿ ಕೂತಿದ್ದೆ. ಹೆಸರಿಗೆ 30 ಅಕ್ಷರದ ಮಿತಿ. ‘ಅಡಿಕೆ ಲೆಕ್ಕ - ಕೃಷಿಕರ ಖರ್ಚುವೆಚ್ಚ’ ಅಂತ ಬರೆದರೆ ಕೆಂಪು ಗೆರೆ. ಕಣ್ಣಿಗೆ ಕಾಣುವುದು ಹದಿಮೂರೇ ಅಕ್ಷರ. ಆದರೆ ಯಂತ್ರಕ್ಕೆ ಕೊಂಬು, ಗುಡಿಸು, ಒತ್ತು ಎಲ್ಲ ಬೇರೆ ಬೇರೆ. ‘ಕ್ಕ’ ಅಂದರೆ ನಮಗೆ ಒಂದು, ಅದಕ್ಕೆ ಮೂರು. ಜಾಗ ಬಿಟ್ಟದ್ದನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ 31. ಒಂದು ಜಾಸ್ತಿ! ಗೀಟು ತೆಗೆದು, ಲೆಕ್ಕದ ಬೆನ್ನಿಗೇ ಎರಡು ಚುಕ್ಕಿ ಇಟ್ಟೆ. 30 ಆಯಿತು. ಅವತ್ತು ದೊಡ್ಡ ಸಾಧನೆ ಮಾಡಿದ ಹಾಗೆ ಹೆಂಡತಿಗೆ ತೋರಿಸಿದ್ದೆ. ಆಮೇಲೆ 80 ಅಕ್ಷರದ ಚಿಕ್ಕ ವಿವರಣೆ, 4000 ಅಕ್ಷರದವರೆಗೆ ದೊಡ್ಡ ವಿವರಣೆ. ಎಲ್ಲವೂ ಅಚ್ಚ ಕನ್ನಡದಲ್ಲಿ.

ಡಿಫಾಲ್ಟ್ ಭಾಷೆ, ಅಂದರೆ ಬೇರೆ ಯಾವುದೂ ಹೊಂದದಿದ್ದಾಗ ತೋರಿಸುವ ಭಾಷೆ, ಇಂಗ್ಲಿಷ್ ಅಂತ ಇತ್ತು. ಅಲ್ಲಿ ಏನಾದರೂ ತುಂಬಿಸಬೇಕಲ್ಲ, ಎರಡು ಸಾಲು ಗೀಚಿ ಬಿಟ್ಟಿದ್ದೆ. ಹೆಸರು ‘ಫಾರ್ಮ್ ಅಕೌಂಟ್ಸ್’. ಅದರಲ್ಲಿ ಅಡಿಕೆ ಎಂಬ ಶಬ್ದವೇ ಇಲ್ಲ.

ಈಗ ಸಂಗತಿ ಏನೆಂದರೆ, ಸ್ಟೋರು ಯಾವ ಲಿಸ್ಟಿಂಗ್ ತೋರಿಸಬೇಕು ಅಂತ ನೋಡುವುದು ಎದುರಿನವನ ಫೋನಿನ ಭಾಷೆಯನ್ನು. ಅವನು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾನೆ ಅಂತ ಅದಕ್ಕೇನು ಗೊತ್ತು? ಭಾವನ ಫೋನು ಇಂಗ್ಲಿಷಿನಲ್ಲಿದೆ. ನಮ್ಮ ಮನೆಯಲ್ಲಿ ನಾಲ್ಕು ಫೋನು ಉಂಟು. ಎದ್ದು ಹೋಗಿ ಒಂದೊಂದೇ ನೋಡಿದೆ. ನಾಲ್ಕೂ ಇಂಗ್ಲಿಷು. ನನ್ನದೂ! ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡ ಪೇಪರು ಓದಿ, ವಾಟ್ಸಾಪಿನಲ್ಲಿ ಕನ್ನಡದಲ್ಲೇ ಜಗಳ ಮಾಡುವ ಮನೆ ಇದು. ಆದರೂ ಸೆಟ್ಟಿಂಗ್ಸ್ ಅಂತ ಬರುವಲ್ಲಿ ಯಾರೂ ಕೈ ಹಾಕಿಲ್ಲ. ಅಂಗಡಿಯವನು ಕೊಡುವಾಗ ಹೇಗಿತ್ತೋ ಹಾಗೇ ಇದೆ. ನಾಲ್ಕು ರಾತ್ರಿ ಕೂತು ಬರೆದ ಕನ್ನಡವನ್ನು ಓದಿದವರು ಎಷ್ಟು ಜನವೋ, ಬಹುಶಃ ನಾನೊಬ್ಬನೇ. ಅದೂ ಕಂಪ್ಯೂಟರಿನಲ್ಲಿ.

ನಮ್ಮ ಕಡೆ ಬಸ್ಸಿನ ಬೋರ್ಡು ಓದಿ ಹತ್ತುವವರು ಕಡಿಮೆ. ಕಂಡಕ್ಟರ್ ಕೂಗಿದ್ದು ಕೇಳಿ ಹತ್ತುವುದು. ನಾನು ಬೋರ್ಡಿಗೆ ಚಂದದ ಬಣ್ಣ ಹಾಕಿ, ಕೂಗುವುದನ್ನೇ ಮರೆತಿದ್ದೆ.

ಸರಿ, ಇಂಗ್ಲಿಷ್ ಲಿಸ್ಟಿಂಗನ್ನು ಹೊಸದಾಗಿ ಬರೆದೆ. ಹೆಸರಿನಲ್ಲಿ ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಅಡಿಕೆ ಲೆಕ್ಕ, ಪಕ್ಕದಲ್ಲಿ ಕನ್ನಡದಲ್ಲಿ ಅದನ್ನೇ. ಎಣಿಸಿದರೆ ಅದೂ 11, ಇದೂ 11! ನಡುವೆ ಜಾಗ ಒಂದು, ಒಟ್ಟು 23. ಉಳಿದ ಏಳರಲ್ಲಿ ಇನ್ನೇನೂ ಹಿಡಿಯಲಿಲ್ಲ. ಅರೆಕಾನಟ್ ಎಂಬುದು ಚಿಕ್ಕ ವಿವರಣೆಗೆ ಹೋಯಿತು. ಸುಪಾರಿ, ಅಡಕ್ಕ, ಚಾಲಿ, ಮದ್ದು ಇವೆಲ್ಲ ದೊಡ್ಡ ವಿವರಣೆಯಲ್ಲಿ, ವಾಕ್ಯದ ಒಳಗೆ ಬರುವ ಹಾಗೆ. ಒಂದೇ ಶಬ್ದವನ್ನು ಇಪ್ಪತ್ತು ಸಲ ಸುಮ್ನೆ ತುಂಬಿಸುವ ಹಾಗಿಲ್ಲ, ಅದು ನಿಯಮಕ್ಕೆ ವಿರುದ್ಧ. ಹೆಸರಿನಲ್ಲಿ ‘ನಂಬರ್ ಒನ್’, ‘ಬೆಸ್ಟ್’, ‘ಫ್ರೀ’ ಅಂತ ಹಾಕುವುದಕ್ಕೂ 2021ರಿಂದ ಬಿಡುವುದಿಲ್ಲ. ಒಳ್ಳೆಯದೇ ಆಯಿತು ಅನ್ನಿ. ಇಲ್ಲದಿದ್ದರೆ ಊರಿನ ಎಲ್ಲ ಆಪೂ ನಂಬರ್ ಒನ್ ಆಗಿರುತ್ತಿತ್ತು, ಜಾತ್ರೆಯಲ್ಲಿ ಎಲ್ಲ ಐಸ್‌ಕ್ರೀಮಿನವರೂ ಇರುವ ಹಾಗೆ.

ಆಪಲ್ಲಿನವರ ಸ್ಟೋರಿನಲ್ಲಿ ಜನರಿಗೆ ಕಾಣದ ಹಾಗೆ 100 ಅಕ್ಷರದಷ್ಟು ಹುಡುಕುಪದ ಬರೆದಿಡುವ ಜಾಗವೇ ಬೇರೆ ಉಂಟು. ಸ್ಪೆಲ್ಲಿಂಗ್ ಗಲಾಟೆಗೆ ಅದು ಚೆನ್ನಾಗಿತ್ತು. ಆದರೆ ಅಲ್ಲಿ ವರ್ಷಕ್ಕೆ 99 ಡಾಲರ್. ಇಲ್ಲಿ ಒಂದೇ ಸಲ 25 ಕೊಟ್ಟರೆ ಮುಗಿಯಿತು. ನಮ್ಮ ತೋಟದವರ ಕೈಯಲ್ಲಿ ಐಫೋನ್ ನೋಡಿದ್ದೂ ಕಡಿಮೆ. ಇರಲಿ.

ಇನ್ನೊಂದು ಎಡವಟ್ಟು ಇವತ್ತೇ ಹೊರಗೆ ಬಿತ್ತು. ಕೆಳಗಿನ ತೋಟದವರ ಮಗ ಶಾರ್ಜಾದಲ್ಲಿ. ತೋಟದ ಸಂಬಳ ಎಲ್ಲ ಅಲ್ಲಿಂದಲೇ ಕಳಿಸುವುದು, ಲೆಕ್ಕ ಇಡುವುದೂ ಅವನೇ. ನಿಜವಾಗಿ ಈ ಆಪ್ ಬೇಕಾದದ್ದು ಅಂಥವರಿಗೆ. ಅವನಿಗೆ ಲಿಂಕ್ ಕಳಿಸಿದರೆ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಅಂತ ಬಂತಂತೆ. ನೋಡಿದರೆ ನಾನು ದೇಶಗಳ ಪಟ್ಟಿಯಲ್ಲಿ ಭಾರತಕ್ಕೆ ಮಾತ್ರ ಟಿಕ್ ಹಾಕಿದ್ದೇನೆ. ಕಾಸರಗೋಡಿನ ಅಡಿಕೆಗೆ ಬೇರೆ ದೇಶ ಯಾಕೆ ಅಂತ ಆಗ ಅನಿಸಿತ್ತು. ಕಾಸರಗೋಡಿನವನಾಗಿ ಗಲ್ಫ್ ಮರೆತದ್ದು ಹೇಗೆ ಅಂತ ಕೇಳಬೇಡಿ. ಅವನು ರಜೆಯಲ್ಲಿ ಊರಿಗೆ ಬಂದರೂ ಸಿಗುತ್ತಿರಲಿಲ್ಲ. ಪ್ಲೇ ಖಾತೆಯ ದೇಶ ಅಲ್ಲಿಯದು, ಅದನ್ನು ವರ್ಷಕ್ಕೆ ಒಂದೇ ಸಲ ಬದಲಿಸಬಹುದು. ಕೊಲ್ಲಿಯ ಆರು ದೇಶಗಳಿಗೂ ಟಿಕ್ ಹಾಕಿದೆ. ಕಾಸರಗೋಡು, ದಕ್ಷಿಣ ಕನ್ನಡ ಅಂತ ಜಿಲ್ಲೆ ಆರಿಸುವ ಸೌಲಭ್ಯ ಅಲ್ಲಿಲ್ಲ. ಇದ್ದಿದ್ದರೂ ನಾನು ತಪ್ಪನ್ನೇ ಆರಿಸುತ್ತಿದ್ದೆ.

ಬದಲಿಸಲಿಕ್ಕೆ ಆಗದೇ ಇರುವುದು ಪ್ಯಾಕೇಜ್ ಹೆಸರು, ಅಂದರೆ ಸ್ಟೋರು ಆಪನ್ನು ಗುರುತಿಸುವ ಒಳಗಿನ ಹೆಸರು. ಒಮ್ಮೆ ಹೊರಗೆ ಬಿಟ್ಟ ಮೇಲೆ ಆ ಆಪಿಗೆ ಜನ್ಮಪೂರ್ತಿ ಅದೇ. ನನ್ನದರಲ್ಲಿ ಐ, ಕೆ ಅದಲುಬದಲಾಗಿ ‘ಅಡ್ಕಿಎ’ ಅಂತ ಆಗಿದೆ. ಲಿಂಕಿನ ಕೊನೆಯಲ್ಲಿ ಕಾಣುತ್ತದೆ. ಯಾರೂ ಗಮನಿಸಿಲ್ಲ, ಈಗ ನಾನೇ ಹೇಳಿದ ಹಾಗಾಯಿತು.

ಐಕಾನಿನಲ್ಲಿ ಒಂದು ಹಣ್ಣಡಿಕೆ ಇದೆ. 512 ಪಿಕ್ಸೆಲಿನಲ್ಲಿ ಮಾಡುವಾಗ ತೊಟ್ಟು, ಮೇಲಿನ ಹೊಳಪು ಎಲ್ಲ ಬಂದಿತ್ತು. ಫೋನಿನಲ್ಲಿ ಉಗುರಿನಷ್ಟಾದಾಗ ಅಮ್ಮ “ಕಿತ್ತಳೆಯಾ?” ಅಂತ ಕೇಳಿದರು. ಎರಡು ಐಕಾನ್ ಹಾಕಿ, ಯಾವುದಕ್ಕೆ ಜಾಸ್ತಿ ಜನ ಇನ್‌ಸ್ಟಾಲ್ ಮಾಡುತ್ತಾರೆ ಅಂತ ಪರೀಕ್ಷೆ ಮಾಡುವ ವ್ಯವಸ್ಥೆಯೂ ಕನ್ಸೋಲಿನಲ್ಲಿ ಉಂಟು. ಆದರೆ ಅದಕ್ಕೆ ಜನ ಬರಬೇಕಲ್ಲ. ದಿನಕ್ಕೆ ಇಬ್ಬರು ಬರುವ ಅಂಗಡಿಯಲ್ಲಿ ಎಂಥ ಪರೀಕ್ಷೆ! ಅಮ್ಮನ ಮಾತನ್ನೇ ನಂಬಿ ಒಂದರ ಬದಲು ಗೊನೆಯ ಚಿತ್ರ ಹಾಕಿದೆ.

ಇಷ್ಟೆಲ್ಲ ಮಾಡಿದರೂ ಹುಡುಕಿದಾಗ ಎಷ್ಟನೇ ಸಾಲಿನಲ್ಲಿ ಬರುತ್ತದೆ ಅನ್ನುವುದು ನನ್ನ ಕೈಯಲ್ಲಿಲ್ಲ. ಹೋದ ವಾರ ಒಬ್ಬರು ಫೋನ್ ಮಾಡಿ, ದುಡ್ಡು ಕೊಟ್ಟರೆ ಐದು ಸ್ಟಾರಿನ ನೂರು ರಿವ್ಯೂ ಹಾಕಿಸಿ ಮೇಲೆ ತರುತ್ತೇವೆ ಅಂದರು. ಸಿಕ್ಕಿಬಿದ್ದರೆ ಆಪೇ ಹೋಗುತ್ತದೆ ಅಂತ ಗೊತ್ತು. ಅದಕ್ಕಿಂತ, ಕಳೆದ ಫೆಬ್ರವರಿ ನೆನಪಾಯಿತು. ನನ್ನಂಥ ಹೊಸ ಖಾತೆಯವರು ಆಪ್ ಬಿಡುವ ಮೊದಲು 12 ಜನರ ಫೋನಿನಲ್ಲಿ 14 ದಿನ ಬಿಡದೆ ಟೆಸ್ಟಿಂಗ್ ನಡೆಸಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಇಳಿಸಿದರು. ನಾನು ನೆಂಟರ ಮನೆಯ ಉಪನಯನದಲ್ಲಿ, ಊಟದ ಪಂಕ್ತಿ ಏಳುವುದನ್ನೇ ಕಾದು, ಕೈ ತೊಳೆದು ಬಂದವರ ಜೀಮೇಲ್ ಬರೆದುಕೊಂಡಿದ್ದೆ. ಹಾಗೆ ಬಂದ ಹನ್ನೆರಡು ಜನರಿರುವಾಗ ದುಡ್ಡಿನ ನೂರು ಜನ ಯಾಕೆ ಅಲ್ವಾ? ಬೇಡ ಅಂದೆ.

ನಾಲ್ಕು ಗಂಟೆಗೆ ಮಳೆ ಸ್ವಲ್ಪ ನಿಂತಿತು. ಮದ್ದು ಬಿಡುವವನು ಬಂದ. ನಾಳೆ ಬಿಸಿಲಿದ್ದರೆ ಬರುತ್ತೇನೆ ಅಂತ ಅಪ್ಪನಲ್ಲಿ ಹೇಳಿ, ಚಹಾ ಕುಡಿದು, ಹೋಗಲು ಎದ್ದವನು ನನ್ನ ಕಿಟಕಿಯ ಹತ್ತಿರ ನಿಂತ.

“ಅಣ್ಣೇರೆ, ನಿಮ್ಮ ಆಪ್ ನೋಡಿದೆ. ಅಕ್ಕನ ಮಗ ತೋರಿಸಿದ.”

ನನಗೆ ಖುಷಿಯೋ ಖುಷಿ. ಹೇಗೆ ಸಿಕ್ಕಿತು ಅಂತ ಕೇಳಿದೆ.

“ಅದು ಗೊತ್ತಿಲ್ಲ. ಅದರಲ್ಲಿ ನನ್ನ ಅಡ್ವಾನ್ಸ್ ಉಂಟಲ್ಲ. ಮೂರೂವರೆ ಸಾವಿರ. ಹೆಸರೂ ಉಂಟು.”

ಫೋನ್ ತೆಗೆದು ನೋಡಿದೆ. ಮೂರನೇ ಸ್ಕ್ರೀನ್‌ಶಾಟ್. ಮಾರ್ಚಿನಲ್ಲಿ ಅವಸರದಲ್ಲಿ ನಮ್ಮ ಮನೆಯದ್ದೇ ಲೆಕ್ಕ ತೆರೆದು ಚಿತ್ರ ತೆಗೆದಿದ್ದೆ. ಅವನ ಹೆಸರು, ಎದುರಿಗೆ ಕೆಂಪಿನಲ್ಲಿ 3500. ಅವನು ಅದನ್ನು ಏಪ್ರಿಲಿನಲ್ಲೇ ತೀರಿಸಿದ್ದಾನೆ. ಚಿತ್ರದಲ್ಲಿ ಮಾತ್ರ ಇನ್ನೂ ಬಾಕಿ.

ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರಾಯಿತು. ತಪ್ಪಾಯ್ತು, ಇವತ್ತೇ ತೆಗೆಯುತ್ತೇನೆ ಅಂದೆ. “ಆಯ್ತು, ಅಕ್ಕನಿಗೆ ನಾನು ಸಾಲ ಇಲ್ಲ ಅಂತ ಹೇಳಿದ್ದೆ, ಅಷ್ಟೇ” ಅಂದು ಕೊಡೆ ಬಿಡಿಸಿ ಹೋದ.

ಎಂಟೂ ಸ್ಕ್ರೀನ್‌ಶಾಟ್ ಹೊಸದಾಗಿ ತೆಗೆದು ಹಾಕಿ, ಈಗ ತಾನೇ ಕಳಿಸಿದೆ. ರಿವ್ಯೂ ಆಗಿ ಬರಬೇಕು, ಅಲ್ಲಿಯವರೆಗೆ ಹಳೆಯದೇ ಇರುತ್ತದೆ. ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದೇನೆ. ಹೊಸ ಮೂರನೇ ಚಿತ್ರದಲ್ಲಿ ಕೆಲಸದವರ ಜಾಗದಲ್ಲಿ ನನ್ನ ಹೆಸರು, ಎದುರಿಗೆ ಕೆಂಪಿನಲ್ಲಿ 3500.