ಆಸಿಡ್ ಬಾಟಲಿ ಯಾರ ಕೈಯಲ್ಲಿ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಕಳೆದ ವಾರ ಹತ್ತನೇ ಕ್ಲಾಸಿಗೆ ಸತು ಮತ್ತು ಆಸಿಡ್ಡಿನ ಪ್ರಯೋಗ ಇತ್ತು. ಲ್ಯಾಬಿನಲ್ಲಿ ಸಾಮಾನು ಕಮ್ಮಿ, ಗುಂಪು ಮಾಡಲೇಬೇಕು. ಗುಂಪು ಮಾಡಿದ ಕೂಡಲೇ ಯಾರೂ ಹೇಳದೆ ಕೆಲಸ ಹಂಚಿಕೆಯಾಗಿಬಿಡುತ್ತದೆ. ಹುಡುಗರು ಪ್ರನಾಳಕ್ಕೆ ಕೈ ಹಾಕುತ್ತಾರೆ, ಹುಡುಗಿಯರು ಸ್ಕೇಲ್ ಹಿಡಿದು ರೆಕಾರ್ಡ್ ಬುಕ್ಕಿಗೆ ಗೆರೆ ಎಳೆಯುತ್ತಾ ಕೂರುತ್ತಾರೆ. ಅಕ್ಷರ ಮುದ್ದಾಗಿದೆ ಅಂತ ಹೊಗಳಿಕೆ ಬೇರೆ. ಮಾರ್ಕ್ಸೂ ಅವರಿಗೇ ಜಾಸ್ತಿ ಬರುತ್ತದೆ, ಆದರೆ ಆಸಿಡ್ ಹಾಕಿದಾಗ ಪ್ರನಾಳ ಬಿಸಿಯಾಗುವುದು ಅವರ ಬೆರಳಿಗೆ ಗೊತ್ತೇ ಆಗುವುದಿಲ್ಲ.

ಅವತ್ತು ರೆಕಾರ್ಡ್ ಬುಕ್ಕನ್ನೆಲ್ಲ ಹುಡುಗರಿಗೆ ಕೊಟ್ಟೆ. ಬಾಟಲಿ, ಪ್ರನಾಳ, ಮೇಣದಬತ್ತಿ ಹುಡುಗಿಯರಿಗೆ.

"ಮಿಸ್, ಕೈ ಮೇಲೆ ಬಿದ್ರೆ?" ಅಂದಳು ಒಬ್ಬಳು.

"ನೀರು ಬೆರೆಸಿದ ಆಸಿಡ್ ಕಣೇ. ಬಿದ್ರೆ ತಕ್ಷಣ ನಲ್ಲಿ ಕೆಳಗೆ ಹಿಡಿ. ಕನ್ನಡಕ ಮಾತ್ರ ತೆಗೀಬೇಡ."

ಸತುವಿನ ಚೂರಿನ ಮೇಲೆ ಆಸಿಡ್ ಬಿದ್ದದ್ದೇ ತಡ, ಬುಸಬುಸ ಗುಳ್ಳೆ ಎದ್ದವು. ಆ ಗ್ಯಾಸನ್ನು ನಳಿಕೆಯಲ್ಲಿ ಸೋಪಿನ ನೀರಿಗೆ ಬಿಟ್ಟು, ಉಬ್ಬಿದ ಗುಳ್ಳೆಗೆ ಮೇಣದಬತ್ತಿ ಹಿಡಿದರೆ ಪಟ್! ಹೈಡ್ರೋಜನ್. ಇನ್ನೊಂದ್ಸಲ ಮಿಸ್, ಇನ್ನೊಂದ್ಸಲ ಅಂತ ಬೆಲ್ ಹೊಡೆದರೂ ಬಿಡಲಿಲ್ಲ. ಹೆದರಿದ್ದವಳೇ ಕಬ್ಬಿಣದ ಮೊಳೆ ಹಾಕಿದ್ರೂ ಇಷ್ಟೇ ಜೋರಾಗಿ ಬರುತ್ತಾ ಅಂತ ಕೇಳಿದಳು. ಹಾಕಿ ನೋಡಿದೆವು, ಗುಳ್ಳೆ ನಿಧಾನಕ್ಕೆ ಬಂತು. ಯಾಕೆ ನಿಧಾನ ಅನ್ನುವುದೇ ನಮ್ಮ ಮುಂದಿನ ಪಾಠ, ಅದನ್ನು ಅವಳೇ ಶುರು ಮಾಡಿಬಿಟ್ಟಳು!

ಪ್ರನಾಳ ತೊಳೆಯುವಾಗ ಅವರಿಗೆ ವಿಜ್ಞಾನಿ ಕಮಲಾ ಸೊಹೊನಿ ಕಥೆ ಹೇಳಿದೆ. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಈಗಿನ ಐಐಎಸ್‌ಸಿಗೆ ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ಅಲ್ಲಿನ ನಿರ್ದೇಶಕ ಸಿ.ವಿ. ರಾಮನ್ ಸೀಟು ಕೊಡಲಿಲ್ಲ. ಕಮಲಾ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಂತ ಲೆಕ್ಕಕ್ಕೇ ಇಡಲಿಲ್ಲ, ಆದರೂ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ ತೋರಿಸಿದರು. ಆಮೇಲೆ ರಾಮನ್ ಅವರೇ ಬೇರೆ ಹುಡುಗಿಯರನ್ನೂ ಸೇರಿಸಿಕೊಂಡರು. 1939ರಲ್ಲಿ ಕಮಲಾ ಅವರಿಗೆ ಕೇಂಬ್ರಿಡ್ಜಿನಿಂದ ಪಿಎಚ್‌ಡಿ ಬಂತು.

ಎಲ್ಲ ಕೇಳಿ ಆ ಹುಡುಗಿ, "ಅವರ ಮನೇಲಿ ಒಪ್ಪಿದ್ರಾ ಮಿಸ್?" ಅಂದಳು.

ಒಪ್ಪಿದ್ದರು. ಅವರ ಅಪ್ಪನೇ ಅದೇ ಸಂಸ್ಥೆಯಲ್ಲಿ ಕೆಮಿಸ್ಟ್ರಿ ಓದಿದವರು. ಇವಳು ಯಾಕೆ ಕೇಳಿದಳು ಅಂತ ನನಗೆ ಗೊತ್ತು. ನಮ್ಮೂರಿನ ಪಿಯು ಕಾಲೇಜಿನಲ್ಲಿ ಆರ್ಟ್ಸ್, ಕಾಮರ್ಸ್ ಮಾತ್ರ. ಸೈನ್ಸ್ ಬೇಕಂದರೆ ತಾಲ್ಲೂಕಿಗೆ ಹೋಗಬೇಕು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ಆದರೆ ಕ್ಲಾಸ್ ಬಿಟ್ಟ ಮೇಲೆ ಬರುವ ಬಸ್ಸು ಊರು ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದೊಂದಕ್ಕೇ ಎಷ್ಟೋ ಜಾಣ ಹುಡುಗಿಯರು ಸುಮ್ನೆ ಆರ್ಟ್ಸ್ ಸೇರುತ್ತಾರೆ. ಆಮೇಲೆ ಹೆಣ್ಣುಮಕ್ಕಳಿಗೆ ಸೈನ್ಸಲ್ಲಿ ಆಸಕ್ತಿ ಇಲ್ಲ ಅಂತ ನಾವೇ ಹೇಳ್ತೀವಿ, ಎಂಥ ಅನ್ಯಾಯ ಅಲ್ವಾ?

ಈ ಶನಿವಾರ ಪೋಷಕರ ಸಭೆ. ಅವಳ ಅಪ್ಪನಿಗೆ ತಪ್ಪದೇ ಬರಲು ಹೇಳಿ ಕಳಿಸಿದ್ದೇನೆ. ಮಾರ್ಕ್ಸ್ ವಿಷಯ ಬೇಗ ಮುಗಿಸಿ ಬಸ್ಸಿನ ವಿಷಯಕ್ಕೆ ಬರಬೇಕು. ಅದೇ ಬೀದಿಯ ಇನ್ನಿಬ್ಬರು ಹುಡುಗಿಯರೂ ಸೈನ್ಸಿಗೆ ಹೊರಟರೆ ಮೂವರೂ ಒಟ್ಟಿಗೆ ಓಡಾಡಬಹುದು, ಅವರ ಅಮ್ಮಂದಿರನ್ನೂ ಕರೆದಿದ್ದೇನೆ.