ಒಂದು ಹೆಸರು, ಹಲವು ಪ್ರತಿ

ಆಟಿ ತಿಂಗಳ ಮಳೆಗೆ ಉಡುಪಿಯಲ್ಲಿ ಕರೆಂಟು ಹೋಗುವುದು ಹೊಸ ಸಂಗತಿಯಲ್ಲ. ಆದರೆ ಕರೆಂಟು ಹೋದಾಗ ಮಾತ್ರ ಕಾಣಿಸಿಕೊಳ್ಳುವ ದೋಷವೊಂದು ನಮ್ಮ ಗ್ರಾಫಿಕ್ಸ್ ಡ್ರೈವರಿನೊಳಗೆ, ಎಂದರೆ ಪ್ರೋಗ್ರಾಮುಗಳ ಆಜ್ಞೆಯನ್ನು ಚಿತ್ರ ಬಿಡಿಸುವ ಚಿಪ್ಪಿಗೆ ಮುಟ್ಟಿಸುವ ತಂತ್ರಾಂಶದೊಳಗೆ, ಕುಳಿತಿರಬಹುದೆಂದು ನಾನು ಎಣಿಸಿರಲಿಲ್ಲ. ಮನೆಯಿಂದಲೇ ಕೆಲಸ ಮಾಡುವ ನನಗೆ ಒಂದು ಸಂಜೆ ಮಂಗಳೂರಿನಿಂದ ಕಿರಿಯ ಸಹೋದ್ಯೋಗಿಯ ಫೋನು ಬಂತು. “ಕರೆಂಟು ಹೋದ್ರೆ ಮಾತ್ರ ಬರುವುದು ಸಾರ್. ಇರುವಾಗ ಎಂತ ಮಾಡಿದ್ರೂ ಬರುವುದಿಲ್ಲ” ಎಂದ.

ಅವನು ಲ್ಯಾಪ್‌ಟಾಪಿನಲ್ಲಿ ಓಡಿಸುತ್ತಿದ್ದುದು ನಮ್ಮದೇ ಒಂದು ಪರೀಕ್ಷಾ ದೃಶ್ಯ. ಸಾಲಾಗಿ ಜೋಡಿಸಿದ 1,200 ಪೆಟ್ಟಿಗೆಗಳು ನಿಧಾನವಾಗಿ ತಿರುಗುತ್ತವೆ. ಪ್ರತಿ ಪೆಟ್ಟಿಗೆಗೂ ಅದರದೇ ಸ್ಥಾನ, ಅದರದೇ ಬಣ್ಣ, ಅದಕ್ಕೆಂದೇ ಒಂದು ಡ್ರಾ ಕಾಲ್, ಎಂದರೆ ಬಿಡಿಸು ಎಂಬ ಆಜ್ಞೆ. ಚಿತ್ರಗಳು ಪರದೆಗೆ ಹೋಗುವುದಿಲ್ಲ, ಮೆಮೊರಿಯಲ್ಲೇ ತಯಾರಾಗುತ್ತವೆ, ಕೊನೆಯಲ್ಲಿ ಕೆಲವನ್ನು ಮಾತ್ರ ಫೈಲಿಗೆ ಉಳಿಸಿ ನೋಡುತ್ತೇವೆ. ಅವನು ಕಳುಹಿಸಿದ ಚಿತ್ರದಲ್ಲಿ ಸಾಲಿನ ಮಧ್ಯೆ ಏಳೆಂಟು ಪೆಟ್ಟಿಗೆಗಳ ಜಾಗ ಖಾಲಿಯಾಗಿತ್ತು, ಮತ್ತು ಬಹಳ ದೂರದ ಇನ್ನೊಂದು ಕಡೆ ಅಷ್ಟೇ ಪೆಟ್ಟಿಗೆಗಳು ಇಮ್ಮಡಿಯಾಗಿ, ಅಂಚಿನ ಮೇಲೆ ಅಂಚು ತುಸು ಓರೆಯಾಗಿ ಕೂತಿದ್ದವು.

ಶೇಡರ್ ಎಂಬ ಪುಟ್ಟ ಪ್ರೋಗ್ರಾಮು ಒಂದು ಡ್ರಾ ಕಾಲಿನಲ್ಲಿ ಸಾವಿರಾರು ಬಿಂದುಗಳ ಮೇಲೆ ಏಕಕಾಲಕ್ಕೆ ಓಡುತ್ತದೆ. ಆ ಎಲ್ಲ ಓಟಗಳಿಗೂ ಸಮಾನವಾದ ಮೌಲ್ಯಗಳು, ಎಂದರೆ ಕ್ಯಾಮೆರಾದ ಮ್ಯಾಟ್ರಿಕ್ಸ್ (ಸ್ಥಾನ, ದಿಕ್ಕು ಹೇಳುವ ಸಂಖ್ಯೆಗಳ ಕೋಷ್ಟಕ), ಬೆಳಕಿನ ದಿಕ್ಕು, ವಸ್ತುವಿನ ಬಣ್ಣ ಇಂಥವು, ಕಾನ್‌ಸ್ಟಂಟ್‌ಗಳು. ಪ್ರೋಗ್ರಾಮುಗಳು ಡ್ರೈವರಿಗೆ ಆಜ್ಞೆ ಕೊಡಲು ಬಳಸುವ ಮೈಕ್ರೋಸಾಫ್ಟಿನ ವ್ಯವಸ್ಥೆ ಡೈರೆಕ್ಟ್‌ಎಕ್ಸ್. ಅದರ 9ನೇ ಆವೃತ್ತಿಯ ಕಾಲದಲ್ಲಿ ಇವು ರಿಜಿಸ್ಟರುಗಳ ಒಂದು ಪಟ್ಟಿಯಾಗಿದ್ದವು, 3.0 ಮಾದರಿಯ ಪಿಕ್ಸೆಲ್ ಶೇಡರಿಗೆ 224 ಸಿಗುತ್ತಿದ್ದವು, ಒಂದೊಂದರಲ್ಲಿ ನಾಲ್ಕು ಸಂಖ್ಯೆ. 2006ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 10 ಇವನ್ನು ಗುಂಪು ಮಾಡಿ ಬಫರುಗಳಲ್ಲಿ, ಎಂದರೆ ಮೆಮೊರಿಯ ತುಂಡುಗಳಲ್ಲಿ, ಇಟ್ಟಿತು. ಒಂದು ಬಫರಿಗೆ ತಲಾ 16 ಬೈಟಿನ 4,096 ಕಾನ್‌ಸ್ಟಂಟ್, ಅಂದರೆ 64 ಕಿಲೋಬೈಟ್. ಶೇಡರಿನ ಪ್ರತಿ ಹಂತಕ್ಕೆ ಅಂಥ 14 ಸ್ಥಾನ. ಅಂಥದ್ದೇ ಇನ್ನೊಂದು ವ್ಯವಸ್ಥೆಯಾದ ಓಪನ್‌ಜಿಎಲ್ ತನ್ನ 3.1ನೇ ಆವೃತ್ತಿಯಲ್ಲಿ, 2009ರಲ್ಲಿ, ಇದನ್ನೇ ಯೂನಿಫಾರ್ಮ್ ಬಫರ್ ಎಂಬ ಹೆಸರಿನಲ್ಲಿ ತಂದಿತು. ಗುಂಪು ಮಾಡಿದ್ದಕ್ಕೆ ಕಾರಣ ಸರಳ: ಕ್ಯಾಮೆರಾ ಫ್ರೇಮಿಗೊಮ್ಮೆ, ಎಂದರೆ ಒಂದು ಪೂರ್ಣ ಚಿತ್ರಕ್ಕೊಮ್ಮೆ ಬದಲಾಗುತ್ತದೆ, ಪೆಟ್ಟಿಗೆಯ ಸ್ಥಾನ ಪ್ರತಿ ಡ್ರಾ ಕಾಲಿಗೂ ಬದಲಾಗುತ್ತದೆ, ಎರಡನ್ನೂ ಒಟ್ಟಿಗೆ ಹೊತ್ತು ತಿರುಗುವ ಅಗತ್ಯವಿಲ್ಲ.

ಪ್ರೋಗ್ರಾಮ್ ಬರೆಯುವವರ ಕಣ್ಣಿಗೆ ಬಫರ್ ಒಂದೇ. ಅದರಲ್ಲಿ ಮೊದಲ ಪೆಟ್ಟಿಗೆಯ ಸ್ಥಾನ ಬರೆಯುತ್ತಾರೆ, ಬಿಡಿಸು ಎನ್ನುತ್ತಾರೆ. ಅದೇ ಬಫರಿನಲ್ಲಿ ಎರಡನೆಯದರ ಸ್ಥಾನ ಬರೆಯುತ್ತಾರೆ, ಬಿಡಿಸು ಎನ್ನುತ್ತಾರೆ. ಹೀಗೆ ಬರೆಯುವ ಹಕ್ಕು ಅವರಿಗಿದೆ, ಏಕೆಂದರೆ ಡೈರೆಕ್ಟ್‌ಎಕ್ಸ್ 11 ಆಗಲಿ ಓಪನ್‌ಜಿಎಲ್ ಆಗಲಿ, ಕೊಟ್ಟ ಆಜ್ಞೆಗಳು ಕೊಟ್ಟ ಕ್ರಮದಲ್ಲೇ ನಡೆದಂತೆ ಕಾಣಬೇಕೆಂದು ಮಾತು ಕೊಟ್ಟಿವೆ. ವಾಸ್ತವದಲ್ಲಿ ಪ್ರೋಗ್ರಾಮನ್ನು ಓಡಿಸುವ ಸಿಪಿಯು ಎರಡನೆಯ ಸ್ಥಾನವನ್ನು ಬರೆಯುವ ಹೊತ್ತಿಗೆ ಚಿತ್ರ ಬಿಡಿಸುವ ಚಿಪ್ಪಾದ ಜಿಪಿಯು ಮೊದಲನೆಯ ಆಜ್ಞೆಯನ್ನು ತೆರೆದು ಕೂಡ ನೋಡಿರುವುದಿಲ್ಲ. ಅದು ಇನ್ನೂ ಹಿಂದಿನ ಫ್ರೇಮಿನಲ್ಲೋ ಅದರ ಹಿಂದಿನದರಲ್ಲೋ ಇರುತ್ತದೆ. ನಿಜಕ್ಕೂ ಒಂದೇ ಬಫರ್ ಇದ್ದರೆ 1,200 ಪೆಟ್ಟಿಗೆಗಳೂ ಕೊನೆಯ ಪೆಟ್ಟಿಗೆಯ ಜಾಗದಲ್ಲಿ ಬಂದು ಕೂರುತ್ತವೆ. ಆದ್ದರಿಂದ ಡ್ರೈವರು ಹೆಸರನ್ನು ಒಂದೇ ಇಟ್ಟುಕೊಂಡು, ಪ್ರತಿ ಬರಹಕ್ಕೂ ಬೇರೆ ಬೇರೆ ಮೆಮೊರಿ ಕೊಡುತ್ತಾ ಹೋಗಬೇಕು. ಕಾನ್‌ಸ್ಟಂಟ್ ಬಫರಿನ ನಿರ್ವಹಣೆ ಎಂದರೆ ನನ್ನ ಮಟ್ಟಿಗೆ ಇದೇ. ಬೈಟುಗಳನ್ನು ನಕಲು ಮಾಡುವುದು ಯಾರಿಗೂ ಬರುತ್ತದೆ. ಆ ಬೈಟುಗಳು ಯಾವ ಕ್ಷಣದವರೆಗೆ ಜಿಪಿಯುವಿನ ಸ್ವತ್ತು, ಯಾವ ಕ್ಷಣದಿಂದ ಮತ್ತೆ ನಮ್ಮದು ಎಂಬ ಲೆಕ್ಕವೇ ಕಷ್ಟದ್ದು.

ಈ ಲೆಕ್ಕವನ್ನು ನಾನು ಮೊದಲು ಕಂಡದ್ದು ಕಂಪ್ಯೂಟರಿನಲ್ಲಲ್ಲ, ಮಲ್ಪೆಯ ದಕ್ಕೆಯಲ್ಲಿ. ನನ್ನ ಸೋದರಮಾವ ಬೋಟುಗಳಿಗೆ ಮೀನು ತುಂಬುವ ಕ್ರೇಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಎಷ್ಟು ಕ್ರೇಟ್ ಯಾವ ಬೋಟಿನ ಜೊತೆ ಕಡಲಿಗೆ ಹೋಯಿತು ಎಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಬೋಟು ದಕ್ಕೆಗೆ ಬಂದು ಕ್ರೇಟ್ ಇಳಿಸಿದ ಮೇಲೆಯೇ ಆ ಸಾಲನ್ನು ಹೊಡೆದುಹಾಕುತ್ತಿದ್ದರು. ಆಳಸಮುದ್ರದ ಬೋಟು ಸಾಮಾನ್ಯವಾಗಿ ಹತ್ತು ದಿನಕ್ಕೆ ಮರಳುತ್ತದೆ ಎಂದು ಅವರಿಗೂ ಗೊತ್ತಿತ್ತು. ಹಾಗೆಂದು ಹನ್ನೊಂದನೆಯ ದಿನ ಆ ಕ್ರೇಟುಗಳನ್ನು ಇನ್ನೊಬ್ಬರಿಗೆ ಒಪ್ಪಿಕೊಂಡವರಲ್ಲ. ಸಾಲು ಹೊಡೆಯುವುದಕ್ಕೆ ಬೋಟು ಕಣ್ಣಿಗೆ ಕಾಣಬೇಕಿತ್ತು.

ನಮ್ಮ ಡ್ರೈವರು ಬಳಸುತ್ತಿದ್ದುದು ಈ ಕೆಲಸಕ್ಕೆ ಎಲ್ಲರೂ ಬಳಸುವ ರಿಂಗ್. ಒಂದು ಮೆಗಾಬೈಟಿನ ಮೆಮೊರಿಯನ್ನು ಒಮ್ಮೆಗೇ ಪಡೆದು, ಪ್ರತಿ ಡ್ರಾ ಕಾಲಿಗೆ ಅದರ ಮುಂದಿನ ತುಂಡನ್ನು ಕೊಡುತ್ತಾ ಹೋಗಿ, ತುದಿ ಮುಟ್ಟಿದ ಮೇಲೆ ಮತ್ತೆ ಮೊದಲಿಗೆ ಬರುವುದು. ಪೆಟ್ಟಿಗೆಯೊಂದಕ್ಕೆ ಬೇಕಾದದ್ದು ತಲಾ 64 ಬೈಟಿನ ಎರಡು ಮ್ಯಾಟ್ರಿಕ್ಸ್ ಮತ್ತು 16 ಬೈಟಿನ ಬಣ್ಣ, ಒಟ್ಟು 144 ಬೈಟ್. ಆದರೆ ಬಫರಿನ ಆರಂಭದ ವಿಳಾಸ 256ರ ಗುಣಕವಾಗಿರಬೇಕೆಂದು ಆ ಹಾರ್ಡ್‌ವೇರ್ ಕೇಳುತ್ತಿದ್ದುದರಿಂದ ಪ್ರತಿ ಪೆಟ್ಟಿಗೆಗೂ 256 ಬೈಟ್ ಹೋಗುತ್ತಿತ್ತು. ಫ್ರೇಮಿಗೆ 300 ಕಿಲೋಬೈಟ್. ರಿಂಗಿನಲ್ಲಿ ಮೂರು ಫ್ರೇಮು ಹಿಡಿಸಿ ಸ್ವಲ್ಪ ಮಿಗುತ್ತದೆ. ಸಿಪಿಯು ಮೂರು ಫ್ರೇಮಿಗಿಂತ ಮುಂದೆ ಹೋಗುವುದಿಲ್ಲ ಎಂಬ ನಂಬಿಕೆಯ ಮೇಲೆ, ತುದಿ ಮುಟ್ಟಿ ಹಿಂದಿರುಗುವಾಗ ಯಾವ ವಿಚಾರಣೆಯನ್ನೂ ಮಾಡದೆ ಬರೆಯುವಂತೆ ಆ ಕೋಡ್ ಇತ್ತು.

ಎರಡು ದಿನ ನಾನು ಬೇರೆಲ್ಲೋ ಹುಡುಕಿದೆ. ದಾರಿ ತೆರೆದದ್ದು, ಖಾಲಿ ಜಾಗದ ಪೆಟ್ಟಿಗೆಯ ಕ್ರಮಸಂಖ್ಯೆಯನ್ನೂ ಇಮ್ಮಡಿಯಾದ ಪೆಟ್ಟಿಗೆಯ ಕ್ರಮಸಂಖ್ಯೆಯನ್ನೂ ಎದುರುಬದುರು ಬರೆದು ಕಳೆದಾಗ. 212ರ ಜಾಗ ಖಾಲಿ, 708 ಇಮ್ಮಡಿ. 213 ಖಾಲಿ, 709 ಇಮ್ಮಡಿ. ಬೇರೊಂದು ಚಿತ್ರದಲ್ಲಿ 900 ಖಾಲಿ, 196 ಇಮ್ಮಡಿ. ವ್ಯತ್ಯಾಸ ಒಂದೋ 496 ಮುಂದಕ್ಕೆ, ಇಲ್ಲವೇ 704 ಹಿಂದಕ್ಕೆ. ಮೂರನೆಯ ಸಂಖ್ಯೆ ಒಮ್ಮೆಯೂ ಬರಲಿಲ್ಲ. 496 ಮತ್ತು 704 ಕೂಡಿದರೆ 1,200. ಮೂರು ಸಲ 1,200ಕ್ಕೆ 496 ಸೇರಿಸಿದರೆ 4,096. ಒಂದು ಮೆಗಾಬೈಟನ್ನು 256ರಿಂದ ಭಾಗಿಸಿದರೂ 4,096. ಆ ಹಾಳೆಯನ್ನು ನಾನು ಇನ್ನೂ ಎಸೆದಿಲ್ಲ. 212ನೆಯ ಪೆಟ್ಟಿಗೆಯನ್ನು ಬಿಡಿಸಲು ಜಿಪಿಯು ಬರುವಷ್ಟರಲ್ಲಿ ಸಿಪಿಯು ಇಡೀ ರಿಂಗನ್ನು ಒಂದು ಸುತ್ತು ಮುಗಿಸಿ, ಅದೇ ತುಂಡಿನ ಮೇಲೆ ಮೂರು ಫ್ರೇಮು ಮುಂದಿನ 708ನೆಯ ಪೆಟ್ಟಿಗೆಯ ಮೌಲ್ಯಗಳನ್ನು ಬರೆದಾಗಿತ್ತು. ಮೂರು ಫ್ರೇಮು ಮುಂದಿನದಾದ್ದರಿಂದಲೇ ಅದು ತುಸು ಹೆಚ್ಚು ತಿರುಗಿ ಓರೆಯಾಗಿ ಕಾಣುತ್ತಿತ್ತು.

ಕರೆಂಟಿನ ಗುಟ್ಟೂ ಇದರೊಂದಿಗೆ ಬಿಡಿಸಿಕೊಂಡಿತು. ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದೊಡನೆ ಜಿಪಿಯುವಿನ ವೇಗ ತಗ್ಗುತ್ತದೆ. ಕರೆಂಟು ಇರುವಾಗ ಸಿಪಿಯುವೇ ನಿಧಾನದ ಕಡೆಯಾಗಿದ್ದರಿಂದ ಜಿಪಿಯು ಹಿಂದೆ ಬೀಳುತ್ತಲೇ ಇರಲಿಲ್ಲ. ವೇಗ ತಗ್ಗಿದ ಮೇಲೆ ಅದು ಹಿಂದೆ ಬಿತ್ತು. ಪರದೆಗೆ ಚಿತ್ರ ಕಳುಹಿಸುವ ಪ್ರೋಗ್ರಾಮಾಗಿದ್ದರೆ ಪರದೆಯ ಸರದಿಯೇ ಸಿಪಿಯುವನ್ನು ಹಿಡಿದು ನಿಲ್ಲಿಸುತ್ತಿತ್ತು, ಮೆಮೊರಿಯಲ್ಲೇ ಬಿಡಿಸುವ ನಮ್ಮ ಪರೀಕ್ಷೆಗೆ ಆ ತಡೆಯೂ ಇರಲಿಲ್ಲ. ಮೂರು ಫ್ರೇಮಿನ ನಂಬಿಕೆ ಬರೆದವರಿಗೆ ನಿಜವಾಗಿಯೇ ಕಂಡಿರಬೇಕು, ಏಕೆಂದರೆ ಅವರು ನೋಡಿದ್ದೆಲ್ಲ ಪರದೆಯ ಮೇಲಿನ ಪ್ರೋಗ್ರಾಮುಗಳನ್ನೇ.

ಪರಿಹಾರ ಮಾವನ ಪುಸ್ತಕದ್ದೇ ರೀತಿ. ಜಿಪಿಯುವಿಗೆ ಕಳುಹಿಸುವ ಆಜ್ಞೆಗಳ ಪ್ರತಿ ಕಂತಿನ ಕೊನೆಯಲ್ಲಿ ಒಂದು ಫೆನ್ಸ್ ಇರುತ್ತದೆ. ಕಂತು ಮುಗಿದಾಗ ಜಿಪಿಯು ಅದರ ಸಂಖ್ಯೆಯನ್ನು ಮೆಮೊರಿಯಲ್ಲಿ ಬರೆಯುತ್ತದೆ. ರಿಂಗಿನ ಯಾವ ಭಾಗ ಯಾವ ಫೆನ್ಸಿಗೆ ಸೇರಿದ್ದು ಎಂದು ಬರೆದಿಟ್ಟು, ಆ ಸಂಖ್ಯೆ ಬರುವವರೆಗೆ ಆ ಭಾಗವನ್ನು ಮುಟ್ಟದಿರುವುದು. ಇಲ್ಲಿ ನಾನು ಒಂದು ದಿನದ ಮಟ್ಟಿಗೆ ಹೊಸ ತಪ್ಪನ್ನೂ ಮಾಡಿದೆ. ಜಾಗ ಸಾಲದಿದ್ದರೆ ಫೆನ್ಸಿಗಾಗಿ ಕಾಯುವಂತೆ ಬರೆದೆ. 4,096ಕ್ಕಿಂತ ಹೆಚ್ಚು ಡ್ರಾ ಕಾಲ್ ಇದ್ದ ಒಂದೇ ಕಂತು ಬಂದಾಗ ಡ್ರೈವರು ತಾನಿನ್ನೂ ಕಳುಹಿಸಿಯೇ ಇರದ ಕಂತಿನ ಫೆನ್ಸಿಗೆ ಕಾಯುತ್ತಾ ಶಾಶ್ವತವಾಗಿ ನಿಂತಿತು. ಈಗ ಜಾಗ ಸಾಲದಿದ್ದರೆ ಅದು ಹೊಸದೊಂದು ಮೆಮೊರಿ ತುಂಡನ್ನು ಪಡೆದು ಮುಂದುವರಿಯುತ್ತದೆ, ಹಳೆಯದರ ಉಲ್ಲೇಖವನ್ನು ಫೆನ್ಸ್ ಬರುವವರೆಗೆ ಹಿಡಿದುಕೊಂಡಿದ್ದು ಆಮೇಲೆ ಬಿಡುತ್ತದೆ. ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಯೋಜನೆಯ ಗ್ಯಾಲಿಯಂ ಡ್ರೈವರುಗಳು ಹಂಚಿಕೊಂಡಿರುವ ಅಪ್‌ಲೋಡ್ ವ್ಯವಸ್ಥೆಯೂ ಹೀಗೆಯೇ ನಡೆಯುತ್ತದೆ: ತುಂಬಿದ ಬಫರನ್ನು ಕೈಬಿಟ್ಟು ಹೊಸದಕ್ಕೆ ಹೋಗುತ್ತದೆ, ಹಳೆಯದನ್ನು ಬಳಸುವವರು ಇರುವವರೆಗೆ ಅದು ಉಳಿದಿರುತ್ತದೆ. ಸುತ್ತಿ ಬರುವ ರಿಂಗಿಗಿಂತ ಇದೇ ಮೇಲು ಎಂದು ನನಗೆ ಈಗ ಅನ್ನಿಸುತ್ತದೆ. ತುಸು ಮೆಮೊರಿ ಹೆಚ್ಚು ಹೋಗುತ್ತದೆ, ಆದರೆ ತಪ್ಪುವ ಅವಕಾಶ ಕಡಿಮೆ.

ಒಮ್ಮೆ ಒಳಗೆ ಕೈ ಹಾಕಿದ ಮೇಲೆ ಅಕ್ಕಪಕ್ಕದ ಕೋಡನ್ನೂ ಓದಿದೆ. ಬದಲಾಗದ ಮೌಲ್ಯಗಳನ್ನು ಮತ್ತೆ ಕಳುಹಿಸದಿರಲು ಯಾರೋ ಹೊಸ ಬೈಟುಗಳನ್ನು ರಿಂಗಿನಲ್ಲಿದ್ದ ಹಳೆಯ ಬೈಟುಗಳೊಂದಿಗೆ ಹೋಲಿಸಿದ್ದರು. ಆಲೋಚನೆ ಒಳ್ಳೆಯದು, ಜಾಗ ತಪ್ಪು. ಜಿಪಿಯುವಿಗೆಂದು ಇಟ್ಟ ಇಂಥ ಮೆಮೊರಿ ಸಾಮಾನ್ಯವಾಗಿ ರೈಟ್-ಕಂಬೈನ್ ರೀತಿಯದು. ಸಾಲಾಗಿ ಬರೆಯುವುದಕ್ಕೆ ವೇಗ, ಆದರೆ ಸಿಪಿಯುವಿನ ವೇಗದ ಸಣ್ಣ ಮೆಮೊರಿಯಾದ ಕ್ಯಾಶ್‌ನ ನೆರವು ಇಲ್ಲದ್ದರಿಂದ ಅದನ್ನು ಸಿಪಿಯು ಓದಲು ಹೋದರೆ ಬಹಳ ನಿಧಾನ. ಉಳಿತಾಯಕ್ಕೆಂದು ಮಾಡಿದ ಹೋಲಿಕೆ ನಕಲಿಗಿಂತ ದುಬಾರಿಯಾಗಿತ್ತು. ಹೋಲಿಸಲೇಬೇಕಿದ್ದರೆ ಸಾಮಾನ್ಯ ಮೆಮೊರಿಯಲ್ಲಿ ಒಂದು ಪ್ರತಿ ಇಟ್ಟುಕೊಂಡು ಹೋಲಿಸಬೇಕು. ಅದಕ್ಕಿಂತಲೂ ಒಳ್ಳೆಯದು, ಬರೆದಾಗಲೇ ಈ ಸ್ಥಾನ ಬದಲಾಗಿದೆ ಎಂದು ಒಂದು ಬಿಟ್ ಎತ್ತಿಡುವುದು. ಶೇಡರ್ ಬದಲಾದಾಗಲೂ ಆ ಬಿಟ್ ಎತ್ತಬೇಕಾಗಬಹುದು: ಹಿಂದಿನ ಶೇಡರ್ ಮೊದಲ 64 ಬೈಟ್ ಮಾತ್ರ ಓದುತ್ತಿತ್ತೆಂದು ಅಷ್ಟನ್ನೇ ಕಳುಹಿಸಿದ್ದರೆ, 144 ಬೈಟ್ ಓದುವ ಹೊಸ ಶೇಡರಿಗೆ ಉಳಿದದ್ದು ಹೋಗಿರುವುದಿಲ್ಲ.

ಇನ್ನೊಂದು ನೋಡಿದ್ದು ಬಫರಿನ ಗಾತ್ರ. ನಮ್ಮ ಡ್ರೈವರು ಹಾರ್ಡ್‌ವೇರಿಗೆ ಆರಂಭದ ವಿಳಾಸವನ್ನು ಸರಿಯಾಗಿ ಹೇಳಿ, ಗಾತ್ರವನ್ನು ಮಾತ್ರ ರಿಂಗಿನ ತುದಿಯವರೆಗೆ ಎಂದು ಉದಾರವಾಗಿ ಹೇಳುತ್ತಿತ್ತು. ಶೇಡರಿನಲ್ಲಿ ಸೂಚ್ಯಂಕ ತಪ್ಪಿ ಹೊರಗೆ ಓದಿದರೆ ಪಕ್ಕದ ಪೆಟ್ಟಿಗೆಯ ಮೌಲ್ಯ ಸಿಗುತ್ತದೆ, ಅದು ನಂಬುವ ಹಾಗೆಯೇ ಇರುತ್ತದೆ, ತಪ್ಪು ವರ್ಷಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ. ಡೈರೆಕ್ಟ್‌ಎಕ್ಸ್ 10 ಮತ್ತು 11ರಲ್ಲಿ ಗಡಿಯಾಚೆ ಓದಿದರೆ ಸೊನ್ನೆ ಬರಬೇಕೆಂಬ ನಿಯಮವಿದೆ. ಗಾತ್ರವನ್ನು ಇರುವಷ್ಟೇ ಹೇಳಿದರೆ ಹಾರ್ಡ್‌ವೇರೇ ಸೊನ್ನೆ ಕೊಡುತ್ತದೆ, ಪೆಟ್ಟಿಗೆ ಮಾಯವಾಗುತ್ತದೆ, ತಪ್ಪು ಮಾಡಿದವರಿಗೆ ಅದೇ ದಿನ ಗೊತ್ತಾಗುತ್ತದೆ.

ಬಫರಿನೊಳಗಿನ ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಪನ್‌ಜಿಎಲ್‌ನ ಎಸ್‌ಟಿಡಿ140 ನಿಯಮದಲ್ಲಿ 4 ಬೈಟಿನ ಸಂಖ್ಯೆಗಳ ಸರಣಿಯೂ ಒಂದೊಂದಕ್ಕೆ 16 ಬೈಟ್ ತಿನ್ನುತ್ತದೆ ಎಂಬುದನ್ನು ಮರೆಯದಿದ್ದರೆ ಅರ್ಧ ತೊಂದರೆ ತಪ್ಪುತ್ತದೆ.

ಪ್ರತಿ ಡ್ರಾ ಕಾಲಿಗೂ ಮೆಮೊರಿಯ ಸುತ್ತು ಹಾಕುವುದನ್ನೇ ತಪ್ಪಿಸುವ ದಾರಿಗಳೂ ಇವೆ. ಇಂಟೆಲ್ ಜಿಪಿಯುಗಳಲ್ಲಿ ಕಾನ್‌ಸ್ಟಂಟ್‌ಗಳ ಒಂದು ಭಾಗವನ್ನು ಶೇಡರ್ ಶುರುವಾಗುವ ಮುನ್ನವೇ ಅದರ ರಿಜಿಸ್ಟರುಗಳಿಗೆ ತುಂಬಿಸಿಡಬಹುದು. ಎನ್ವಿಡಿಯಾದಲ್ಲಿ ಬೈಟುಗಳನ್ನು ಆಜ್ಞೆಗಳ ಸಾಲಿನೊಳಗೇ ಬರೆದು ಬಫರಿಗೆ ಸೇರಿಸಬಹುದು. ಆ ಬರಹವೂ ಡ್ರಾ ಕಾಲುಗಳ ನಡುವೆ ತನ್ನ ಸರದಿಯಲ್ಲೇ ನಡೆಯುವುದರಿಂದ ಬೇರೆ ಬೇರೆ ಪ್ರತಿಗಳನ್ನು ಇಡುವ ಕೆಲಸವನ್ನು ಹಾರ್ಡ್‌ವೇರೇ ವಹಿಸಿಕೊಂಡಂತಾಗುತ್ತದೆ. 2016ರಲ್ಲಿ ಬಂದ, ಓಪನ್‌ಜಿಎಲ್‌ನಂಥದ್ದೇ ಹೊಸ ವ್ಯವಸ್ಥೆಯಾದ ವಲ್ಕನ್ ಇದನ್ನು ಪುಶ್ ಕಾನ್‌ಸ್ಟಂಟ್ ಎಂದು ಎಲ್ಲರ ಕೈಗೆ ಕೊಟ್ಟಿತು: 2024ರ 1.4ನೇ ಆವೃತ್ತಿಗೆ ಮೊದಲು ಕನಿಷ್ಠ 128 ಬೈಟ್ ಖಾತರಿಯಿತ್ತು, ಅಂದರೆ ನಮ್ಮ ಪೆಟ್ಟಿಗೆಯ ಎರಡು ಮ್ಯಾಟ್ರಿಕ್ಸುಗಳಿಗೆ ಸರಿಯಾಗಿ ಸಾಕಾಗುತ್ತಿತ್ತು, ಬಣ್ಣಕ್ಕೆ ಜಾಗವಿರಲಿಲ್ಲ. ಉಳಿದ ಬಫರುಗಳ ಪ್ರತಿ, ಫೆನ್ಸ್, ರಿಂಗ್ ಎಲ್ಲವನ್ನೂ ವಲ್ಕನ್ ಪ್ರೋಗ್ರಾಮ್ ಬರೆಯುವವರಿಗೇ ಒಪ್ಪಿಸಿದೆ. ಯಾವಾಗ ಮುಗಿಯುತ್ತದೆ ಎಂದು ಬಲ್ಲವರೇ ಲೆಕ್ಕ ಇಡಲಿ ಎಂಬ ಆ ನಿಲುವು ನನಗೆ ಸರಿಯೆನಿಸುತ್ತದೆ. ಆದರೆ ಹಳೆಯ ಪ್ರೋಗ್ರಾಮುಗಳು ಹಳೆಯ ಮಾತನ್ನು ನಂಬಿಕೊಂಡೇ ಓಡುತ್ತವೆ, ಅವುಗಳಿಗಾಗಿ ಡ್ರೈವರಿನೊಳಗಿನ ಈ ಪುಸ್ತಕ ಇನ್ನೂ ಬಹಳ ಕಾಲ ಬೇಕು.

ತಿದ್ದುಪಡಿಯನ್ನು ಪರೀಕ್ಷಿಸುವ ದಿನ ಮಳೆ ಬಿಟ್ಟಿತ್ತು, ಕರೆಂಟೂ ಹೋಗಲಿಲ್ಲ. ಪ್ಲಗ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದೆವು, 1,200 ಪೆಟ್ಟಿಗೆಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಅಷ್ಟಕ್ಕೇ ಬಿಡಲು ಮನಸ್ಸಾಗದೆ, ಪರೀಕ್ಷೆಗೆಂದು ಕಟ್ಟುವ ಆವೃತ್ತಿಯಲ್ಲಿ ರಿಂಗಿನ ಗಾತ್ರವನ್ನು ಒಂದು ಮೆಗಾಬೈಟಿನಿಂದ 4 ಕಿಲೋಬೈಟಿಗೆ ಇಳಿಸುವ ಆಯ್ಕೆಯೊಂದನ್ನು ಸೇರಿಸಿದೆ. ಈಗ 16 ಪೆಟ್ಟಿಗೆಗೊಮ್ಮೆ ಜಾಗ ಮುಗಿಯುತ್ತದೆ, ಪ್ರತಿ ಫ್ರೇಮಿಗೆ 75 ಸಲ. ಹಳೆಯ ಕೋಡನ್ನು ಅದರೊಂದಿಗೆ ಕಟ್ಟಿ ಕರೆಂಟು ಇರುವಾಗಲೇ ಓಡಿಸಿ ನೋಡಿದೆವು. ಮೊದಲ ಫ್ರೇಮಿನಲ್ಲೇ ಸಾಲುಗಳ ತುಂಬ ಖಾಲಿ ಜಾಗಗಳು.